ಸಿಎಫ್‌ಎ ಫ್ರಾಂಕಿನ ಎಸ್ಸೆ ನಾಣ್ಯಗಳು: ಜೋಡಿ ಜೋಡಿಯಾಗಿ ಸಂಗ್ರಹ ಕಟ್ಟುವುದು ಹೇಗೆ?

ನನ್ನ ಮೇಜಿನ ಮೇಲೆ ಎರಡು ನಾಣ್ಯ ಇವೆ. ಎರಡೂ ಗ್ಯಾಬಾನ್ ದೇಶದವು, ಎರಡೂ 100 ಸಿಎಫ್‌ಎ ಫ್ರಾಂಕಿನವು (ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ದೇಶಗಳ ಹಣ ಇದು), ಎರಡರ ಮೇಲೂ ಈಲ್ಯಾಂಡ್ ಎಂಬ ಕಾಡುಪ್ರಾಣಿಗಳು ಮೂರು ಇವೆ. ಉದ್ದ ಕೊಂಬಿನ, ಭಾರಿ ಮೈಯ ಈ ಪ್ರಾಣಿ ನಮ್ಮ ನೀಲಗಾಯಿಯ ದೂರದ ನೆಂಟ. ಒಂದು ನಾಣ್ಯ ಊರೂರು ಸುತ್ತಿ ಸವೆದಿದೆ, ಯಾವ ಸಂತೆಯಲ್ಲಿ ಎಷ್ಟು ಕೈ ದಾಟಿತೋ ಏನೋ. ಇನ್ನೊಂದು ಅಚ್ಚಿನಿಂದ ಆಗ ತಾನೇ ಹೊರಬಂದ ಹಾಗಿದೆ, ಅದರ ಮೇಲೆ ಪುಟ್ಟದಾಗಿ ಇ, ಎಸ್, ಎಸ್, ಎ, ಐ ಎಂದು ಐದು ಅಕ್ಷರ ಜಾಸ್ತಿ ಇವೆ. ಫ್ರೆಂಚಿನಲ್ಲಿ ಅದನ್ನು 'ಎಸ್ಸೆ' ಅಂತ ಓದುತ್ತಾರೆ. ಪ್ರಯೋಗ, ಪರೀಕ್ಷೆ ಅಂತ ಅರ್ಥ.

ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಎಸ್ಸೆಯನ್ನು ಒಂಟಿಯಾಗಿ ಕೊಳ್ಳಬೇಡಿ, ಅದರ ಜೊತೆಗೆ ಅದೇ ವಿನ್ಯಾಸದ, ಜನ ಬಳಸಿದ ನಾಣ್ಯವನ್ನೂ ಇಟ್ಟುಕೊಳ್ಳಿ. ಎಸ್ಸೆ ಮಾತ್ರ ಇದ್ದರೆ ಅದು ಈ ನಾಣ್ಯ ಹೊಡೆದ ಪ್ಯಾರಿಸ್ಸಿನ ಟಂಕಸಾಲೆಯ ಕಥೆ ಅಷ್ಟೇ ಹೇಳುತ್ತದೆ. ಪಕ್ಕದಲ್ಲಿ ಸವೆದ ನಾಣ್ಯ ಇದ್ದರೆ ಗ್ಯಾಬಾನ್ ರಾಜಧಾನಿ ಲಿಬ್ರವಿಲ್‌ನ ಮೀನು ಮಾರುಕಟ್ಟೆಯೂ ಕಥೆಯೊಳಗೆ ಬರುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ, ನಕಲಿ ಪತ್ತೆ ಮಾಡಲು ಅದಕ್ಕಿಂತ ಒಳ್ಳೆ ಅಳತೆಗೋಲು ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ದುಡ್ಡಿನ ಕಥೆ ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರ ಖರೀದಿಗೆ ಹೋದರೆ ಆರು ತಿಂಗಳಲ್ಲಿ ತಲೆ ಗೊಂದಲ ಆಗುತ್ತದೆ.

ಸಿಎಫ್‌ಎ ಫ್ರಾಂಕ್ ಹುಟ್ಟಿದ್ದು 1945ರ ಡಿಸೆಂಬರ್ 26ರಂದು. ಆಗ ಆ ಮೂರು ಅಕ್ಷರಕ್ಕೆ 'ಆಫ್ರಿಕಾದ ಫ್ರೆಂಚ್ ವಸಾಹತುಗಳು' ಅಂತ ಅರ್ಥ ಇತ್ತು. 1960ರ ಸುಮಾರಿಗೆ ದೇಶಗಳು ಸ್ವತಂತ್ರ ಆದವು, ಆದರೆ ಹಣ ಉಳಿಯಿತು, ಅಕ್ಷರಗಳೂ ಉಳಿದವು, ಬದಲಾಗಿದ್ದು ಅರ್ಥ ಮಾತ್ರ. ಪಶ್ಚಿಮ ಆಫ್ರಿಕಾದಲ್ಲಿ ಅದು 'ಆಫ್ರಿಕನ್ ಹಣಕಾಸು ಸಮುದಾಯ' ಆಯಿತು, ಮಧ್ಯ ಆಫ್ರಿಕಾದಲ್ಲಿ 'ಮಧ್ಯ ಆಫ್ರಿಕಾದ ಹಣಕಾಸು ಸಹಕಾರ' ಆಯಿತು. ಅಂದರೆ ಒಂದೇ ಹೆಸರಿನ ಎರಡು ಹಣ. ಎರಡರ ಬೆಲೆ ಒಂದೇ, ಆದರೂ ಡಕಾರ್‌ನ ನೋಟು ಯಾವುಂಡೆಯ ಅಂಗಡಿಯಲ್ಲಿ ನಡೆಯುವುದಿಲ್ಲ.

ಪಶ್ಚಿಮದ ಹಣ ಹೊರಡಿಸುವ ಬ್ಯಾಂಕಿನ ಕೇಂದ್ರ ಕಚೇರಿ ಸೆನೆಗಲ್‌ನ ಡಕಾರ್‌ನಲ್ಲಿದೆ. ಬೆನಿನ್, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಗಿನಿ-ಬಿಸಾವ್, ಮಾಲಿ, ನೈಜರ್, ಸೆನೆಗಲ್, ಟೋಗೊ ಇದರ ಸದಸ್ಯ ದೇಶಗಳು. ಮಾಲಿ 1962ರಲ್ಲಿ ಹೊರಗೆ ಹೋಗಿ ತನ್ನದೇ ಫ್ರಾಂಕ್ ಮಾಡಿಕೊಂಡು 1984ರಲ್ಲಿ ವಾಪಸ್ ಬಂತು. ಮಾರಿಟೇನಿಯಾ 1973ರಲ್ಲಿ ಬಿಟ್ಟು ಹೋಯಿತು, ಮತ್ತೆ ಬರಲಿಲ್ಲ. ಗಿನಿ-ಬಿಸಾವ್ ಸೇರಿದ್ದು 1997ರಲ್ಲಿ. ಮಧ್ಯ ಆಫ್ರಿಕಾದ ಬ್ಯಾಂಕು ಕ್ಯಾಮರೂನಿನ ಯಾವುಂಡೆಯಲ್ಲಿದೆ. ಅದರಲ್ಲಿ ಕ್ಯಾಮರೂನ್, ಚಾಡ್, ಕಾಂಗೋ, ಗ್ಯಾಬಾನ್, ಮಧ್ಯ ಆಫ್ರಿಕಾ ಗಣರಾಜ್ಯ ಇವೆ, 1985ರಲ್ಲಿ ಈಕ್ವಟೋರಿಯಲ್ ಗಿನಿಯೂ ಸೇರಿಕೊಂಡಿತು.

ಬೆಲೆಯ ವಿಷಯದಲ್ಲಿ ಒಂದು ದಿನಾಂಕ ನೆನಪಿಡಿ. 1994ರ ಜನವರಿ 12ರಂದು ಈ ಹಣದ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಅದುವರೆಗೆ 50 ಸಿಎಫ್‌ಎಗೆ ಒಂದು ಫ್ರೆಂಚ್ ಫ್ರಾಂಕ್ ಸಿಗುತ್ತಿತ್ತು, ಆಮೇಲೆ 100 ಕೊಡಬೇಕಾಯಿತು. ಹೊರಗಿನಿಂದ ಬರುವ ಔಷಧಿ, ಅಕ್ಕಿ ಎಲ್ಲ ಒಂದೇ ಸಲ ದುಬಾರಿ ಆದವು. ಈಗ ಯೂರೋ ಜೊತೆ ಕಟ್ಟಿದ್ದಾರೆ, ಒಂದು ಯೂರೋಗೆ 655.957 ಫ್ರಾಂಕ್. ಪಶ್ಚಿಮದ ದೇಶಗಳು ಇದನ್ನು ಬಿಟ್ಟು 'ಇಕೋ' ಎಂಬ ಹೊಸ ಹಣಕ್ಕೆ ಹೋಗುತ್ತವೆ ಎಂದು 2019ರ ಡಿಸೆಂಬರ್‌ನಲ್ಲಿ ಅಬಿಜಾನ್‌ನಲ್ಲಿ ಘೋಷಣೆ ಆಯಿತು. ಈ ಹಣವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ವಾದ ಅಲ್ಲಿನ ಯುವಕರಲ್ಲಿ ತುಂಬ ಜೋರಾಗಿದೆ. ನೀವು ಕೈಯಲ್ಲಿ ಹಿಡಿಯುವ ನಾಣ್ಯ ಅವರಿಗೆ ಬರೀ ಸಂಗ್ರಹದ ವಸ್ತು ಅಲ್ಲ, ಅವರ ದಿನದ ದುಡ್ಡು. ಇದು ಮನಸ್ಸಿನಲ್ಲಿ ಇರಲಿ.

ಎಸ್ಸೆ ಅಂದರೆ ನಿಜವಾಗಿ ಏನು?

ಹೊಸ ವಿನ್ಯಾಸ ಬರುವಾಗ ಟಂಕಸಾಲೆ ಕೆಲವು ನಾಣ್ಯಗಳನ್ನು ಮುಂಚೆಯೇ ಹೊಡೆದು ತೋರಿಸುತ್ತದೆ. ಬ್ಯಾಂಕಿನವರು, ಸರಕಾರದವರು ನೋಡಿ ಒಪ್ಪಬೇಕು. ಗೊಂದಲ ಆಗದಿರಲಿ ಅಂತ ಅದರ ಮೇಲೆ ಎಸ್ಸೆ ಎಂದು ಕೆತ್ತುತ್ತಾರೆ. ಇದು ಹಳೆಯ ಫ್ರೆಂಚ್ ಪದ್ಧತಿ. ಆದರೆ 1960-70ರ ದಶಕಕ್ಕೆ ಬರುವಷ್ಟರಲ್ಲಿ ಎಸ್ಸೆಗಳು ಸಂಗ್ರಾಹಕರಿಗೂ ಹೋಗುತ್ತಿದ್ದವು, ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಹಲವು ಎಸ್ಸೆಗಳಿಗೆ ಕ್ಯಾಟಲಾಗ್‌ನಲ್ಲಿ ಸಾವಿರದಿಂದ ಎರಡು ಸಾವಿರದೊಳಗಿನ ಸಂಖ್ಯೆ ಇರುವುದು ಅದಕ್ಕೇ. ಅಷ್ಟಾದರೂ ಲಕ್ಷ, ಕೋಟಿ ಲೆಕ್ಕದಲ್ಲಿ ಹೊಡೆದ ಸಾಮಾನ್ಯ ನಾಣ್ಯದ ಎದುರು ಅದು ಬಹಳ ಕಡಿಮೆಯೇ.

ಇದರ ಜೊತೆ 'ಪಿಯೆಫೋರ್' ಎಂಬ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. ಅದು ಮಾಮೂಲಿಗಿಂತ ಎರಡು ಪಟ್ಟು ದಪ್ಪ ಇರುವ ನಾಣ್ಯ, ಎಸ್ಸೆಗಿಂತ ಅಪರೂಪ, ಬೆಲೆಯೂ ಜಾಸ್ತಿ. ಮೊದಲ ಎರಡು ವರ್ಷ ಅದರ ಕಡೆ ಹೋಗದಿರುವುದು ಒಳ್ಳೆಯದು.

ಒಂದು ಸೂತ್ರ ನೆನಪಿಟ್ಟುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿಯುತ್ತದೆ. ಎಸ್ಸೆ ಸಾಮಾನ್ಯವಾಗಿ ಆ ವಿನ್ಯಾಸದ ಮೊದಲ ಇಸವಿಯಲ್ಲೇ ಸಿಗುತ್ತದೆ. ಹಾಗಾಗಿ ಯಾವ ವಿನ್ಯಾಸ ಯಾವಾಗ ಬದಲಾಯಿತು ಅಂತ ಗೊತ್ತಿದ್ದರೆ ಯಾವ ಇಸವಿಯ ಎಸ್ಸೆ ಹುಡುಕಬೇಕು ಅನ್ನುವುದೂ ಗೊತ್ತಾದ ಹಾಗೆ.

ಒಂದು ದಾರಿ ಆರಿಸಿಕೊಳ್ಳಿ

ಎಲ್ಲವನ್ನೂ ಕೂಡಿಸುತ್ತೇನೆ ಅಂತ ಹೊರಟವರು ಅರ್ಧಕ್ಕೆ ಬಿಡುವುದನ್ನು ನೋಡಿದ್ದೇನೆ. ಮೂರು ದಾರಿ ಹೇಳುತ್ತೇನೆ, ಯಾವುದಾದರೂ ಒಂದನ್ನು ಹಿಡಿಯಿರಿ.

ಮೊದಲನೆಯದು ಪಶ್ಚಿಮದ್ದು. ಇಲ್ಲಿ ದೇಶದ ಹೆಸರೇ ಇಲ್ಲ, ಬ್ಯಾಂಕಿನ ಹೆಸರು ಮಾತ್ರ. ಒಂದು ಬದಿಯಲ್ಲಿ ವಿಚಿತ್ರ ಆಕಾರದ ಮೀನು ಕಾಣುತ್ತದೆ, ಅದರ ಹೆಸರು 'ತಾಕು'. ಪಶ್ಚಿಮ ಆಫ್ರಿಕಾದ ಅಕಾನ್ ಜನ ಹಿಂದೆ ಚಿನ್ನದ ಪುಡಿ ತೂಗಲು ಹಿತ್ತಾಳೆಯ ಚಿಕ್ಕ ಚಿಕ್ಕ ಬೊಂಬೆಗಳನ್ನು ತೂಕದ ಬಟ್ಟಾಗಿ ಬಳಸುತ್ತಿದ್ದರು. ನಮ್ಮ ಅಕ್ಕಸಾಲಿಗರ ಹತ್ತಿರ ಗುಲಗಂಜಿ ಇದ್ದ ಹಾಗೆ ಅಂದುಕೊಳ್ಳಿ. ಗರಗಸ ಮೀನಿನ ಆಕಾರದ ಅಂಥ ಒಂದು ಬಟ್ಟೇ ಈ ಬ್ಯಾಂಕಿನ ಗುರುತಾಯಿತು. ದುಡ್ಡಿನ ಮೇಲೆ ಹಳೆಯ ದುಡ್ಡಿನ ತಕ್ಕಡಿಯ ನೆನಪು ಇಟ್ಟಿದ್ದಾರೆ, ಎಷ್ಟು ಚೆನ್ನಾದ ಯೋಚನೆ ಅಲ್ವಾ! ಶುರುವಿನ ಚಿಕ್ಕ ನಾಣ್ಯಗಳ ಇನ್ನೊಂದು ಬದಿಯಲ್ಲಿ ಗೆಜೆಲ್ ಜಿಂಕೆಯ ತಲೆ ಇದೆ. 10 ಫ್ರಾಂಕಿಗೆ 1959, 5 ಫ್ರಾಂಕಿಗೆ 1960, ಅಲ್ಯೂಮಿನಿಯಂನ 1 ಫ್ರಾಂಕಿಗೆ 1961 ಮೊದಲ ಇಸವಿ. 1959 ಅಂದರೆ ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ. ಧ್ವಜ ಬದಲಾಗುವ ಮೊದಲೇ ನಾಣ್ಯ ಬದಲಾಗಿತ್ತು. ಆಮೇಲೆ ನಿಕಲ್‌ನ 100 ಫ್ರಾಂಕ್ 1967ರಲ್ಲಿ, ಕಾಳು-ಬೀಜಗಳ ಚಿತ್ರದ 50 ಫ್ರಾಂಕ್ 1972ರಲ್ಲಿ ಬಂದವು. 1980ರಲ್ಲಿ 25 ಫ್ರಾಂಕಿನ ಮೇಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹೆಂಗಸು ಬಂದಳು, 1981ರಲ್ಲಿ 10 ಫ್ರಾಂಕಿನ ಮೇಲೆ ನೀರಿನ ಪಂಪು ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಯೋಜನೆಗೆ ಹೊಂದಿಸಿ ಮಾಡಿದ ವಿನ್ಯಾಸಗಳು ಇವು.

ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಮಧ್ಯ ಆಫ್ರಿಕಾದ ಕಡೆಯ 1971ರ ಸುಮಾರಿನ 100 ಫ್ರಾಂಕ್. 1966ರಲ್ಲಿ ಈ ನಾಣ್ಯ ಎಲ್ಲ ದೇಶಗಳಿಗೂ ಸೇರಿ ಒಂದೇ ಇತ್ತು. ಐದು ವರ್ಷ ಕಳೆದ ಮೇಲೆ ಅದೇ ಅಳತೆ, ಅದೇ ಮೂರು ಈಲ್ಯಾಂಡ್, ಆದರೆ ಪ್ರತಿ ದೇಶಕ್ಕೂ ಅದರದೇ ಹೆಸರು. ಹಣ ಒಂದೇ ಇರಲಿ, ಹೆಸರು ಮಾತ್ರ ನಮ್ಮದಿರಲಿ ಎಂಬ ಆಸೆ ಇಲ್ಲಿ ಲೋಹದಲ್ಲೇ ಕಾಣುತ್ತದೆ. ಚಾಡ್, ಗ್ಯಾಬಾನ್, ಕಾಂಗೋ, ಮಧ್ಯ ಆಫ್ರಿಕಾ ಗಣರಾಜ್ಯ, ಈ ನಾಲ್ಕರ 1971ರ ಎಸ್ಸೆಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿ. ಇದಕ್ಕೆ ಒಂದು ಬಾಲವೂ ಇದೆ. ಮಧ್ಯ ಆಫ್ರಿಕಾ ಗಣರಾಜ್ಯದ ಬೊಕಾಸ್ಸಾ 1976ರ ಡಿಸೆಂಬರ್‌ನಲ್ಲಿ ತನ್ನನ್ನು ಚಕ್ರವರ್ತಿ ಅಂತ ಘೋಷಿಸಿಕೊಂಡ, 1979ರ ಸೆಪ್ಟೆಂಬರ್‌ನಲ್ಲಿ ಪದವಿ ಕಳೆದುಕೊಂಡ. ಆ ಮೂರು ವರ್ಷಗಳ ಗುರುತಾಗಿ 1978ರ 100 ಫ್ರಾಂಕ್ ನಾಣ್ಯದಲ್ಲಿ 'ಸಾಮ್ರಾಜ್ಯ' ಎಂಬ ಪದ ಉಳಿದಿದೆ. ಆ ಸವೆದ ನಾಣ್ಯ ಒಂದು ಇದ್ದರೆ ಸಾಲು ಪೂರ್ತಿ ಆಗುತ್ತದೆ.

ಮೂರನೆಯದೂ ಮಧ್ಯ ಆಫ್ರಿಕಾದ ಕಡೆಯದೇ, 1976ರ 50 ಫ್ರಾಂಕ್. ಇದರಲ್ಲಿ ದೇಶದ ಹೆಸರು ಹೋಗಿ ಒಂದೇ ಒಂದು ಅಕ್ಷರ ಉಳಿಯಿತು. ಎ ಅಂದರೆ ಚಾಡ್, ಬಿ ಮಧ್ಯ ಆಫ್ರಿಕಾ ಗಣರಾಜ್ಯ, ಸಿ ಕಾಂಗೋ, ಡಿ ಗ್ಯಾಬಾನ್, ಇ ಕ್ಯಾಮರೂನ್. ಅಕ್ಷರ ತುಂಬ ಚಿಕ್ಕದು, ಮಾರುವವರೂ ಎಷ್ಟೋ ಸಲ ಗಮನಿಸಿರುವುದಿಲ್ಲ. ಐದೂ ಅಕ್ಷರ ಹುಡುಕುವುದು ಒಳ್ಳೆ ಅಭ್ಯಾಸ, ಮೊದಲು ಚಲಾವಣೆಯ ಐದನ್ನು ಮುಗಿಸಿ ಆಮೇಲೆ ಎಸ್ಸೆಗೆ ಹೋಗಿ.

ಹುಡುಕಾಟದ ಭಾಷೆ

ಸಂಗ್ರಾಹಕರು ಹೆಚ್ಚಾಗಿ ಬಳಸುವುದು ಕ್ರೌಸ್ ಕ್ಯಾಟಲಾಗ್‌ನ ಕೆಎಂ ಸಂಖ್ಯೆ. ಬರೀ ಸಂಖ್ಯೆ ಇದ್ದರೆ ಚಲಾವಣೆಯ ನಾಣ್ಯ, ಮುಂದೆ 'ಇ' ಇದ್ದರೆ ಎಸ್ಸೆ, 'ಪಿ' ಇದ್ದರೆ ಪಿಯೆಫೋರ್, 'ಪಿಎನ್' ಇದ್ದರೆ ವಿನ್ಯಾಸದ ಮಾದರಿ, 'ಟಿಎಸ್' ಇದ್ದರೆ ಅಚ್ಚಿನ ಪರೀಕ್ಷೆಗೆ ಹೊಡೆದದ್ದು. ನ್ಯೂಮಿಸ್ಟಾ ಎಂಬ ಆನ್‌ಲೈನ್ ಕ್ಯಾಟಲಾಗ್ ಉಚಿತವಾಗಿ ಸಿಗುತ್ತದೆ, ತೂಕ, ಅಳತೆ, ಲೋಹ ಎಲ್ಲ ಅಲ್ಲಿ ನೋಡಬಹುದು. ಒಂದು ಎಚ್ಚರಿಕೆ: ಈ ನಾಣ್ಯಗಳು ಒಂದೇ ಶೀರ್ಷಿಕೆ ಕೆಳಗೆ ಇರುವುದಿಲ್ಲ. ಕೆಲವು 'ಪಶ್ಚಿಮ ಆಫ್ರಿಕಾ ರಾಜ್ಯಗಳು', ಕೆಲವು 'ಈಕ್ವಟೋರಿಯಲ್ ಆಫ್ರಿಕಾ ರಾಜ್ಯಗಳು', ಕೆಲವು 'ಮಧ್ಯ ಆಫ್ರಿಕಾ ರಾಜ್ಯಗಳು', 1971ರವು ಆಯಾ ದೇಶದ ಹೆಸರಿನಲ್ಲಿ. ನಾಲ್ಕೂ ಕಡೆ ನೋಡಬೇಕು.

ಒಳ್ಳೆ ಎಸ್ಸೆಗಳು ಹೆಚ್ಚಾಗಿ ಫ್ರಾನ್ಸ್‌ನ ವ್ಯಾಪಾರಿಗಳ ಹತ್ತಿರ ಇರುತ್ತವೆ, ಅದಕ್ಕೇ ಫ್ರೆಂಚ್ ಪದ ಹಾಕಿ ಹುಡುಕಿ. ಅವರ ದರ್ಜೆಯ ಅಕ್ಷರಗಳೂ ಬೇರೆ. ಎಫ್‌ಡಿಸಿ ಅಂದರೆ ಅಚ್ಚಿನಿಂದ ಬಂದ ಹಾಗೇ ಇರುವುದು, ಎಸ್‌ಪಿಎಲ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಎಸ್‌ಯುಪಿ ಇನ್ನೂ ಕೆಳಗೆ, ಟಿಟಿಬಿ ಅಂದರೆ ಸವೆದದ್ದು ಎದ್ದು ಕಾಣುತ್ತದೆ. ಎಸ್ಸೆ ಯಾರ ಜೇಬಿನಲ್ಲೂ ಓಡಾಡಲು ಮಾಡಿದ್ದಲ್ಲ, ಹಾಗಾಗಿ ಟಿಟಿಬಿ ದರ್ಜೆಯ ಎಸ್ಸೆ ಕಂಡರೆ 'ಯಾಕೆ ಸವೆಯಿತು?' ಅಂತ ಮಾರುವವರನ್ನು ಕೇಳಿ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇದ್ದರೆ ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ, ಅಲ್ಲಿ ಚಿತ್ರ ಇದ್ದರೆ ಅದೂ ನಿಮ್ಮ ಮುಂದಿರುವ ಚಿತ್ರವೂ ಒಂದೇ ಇರಬೇಕು.

ಬೆಲೆ ನೋಡುವಾಗ ಮಾರುವವರು ಕೇಳುವ ಬೆಲೆ ಬಿಡಿ, ಹರಾಜಿನಲ್ಲಿ ನಿಜವಾಗಿ ಕೊಟ್ಟ ಬೆಲೆ ನೋಡಿ. ಕನಿಷ್ಠ ನಾಲ್ಕೈದು ಮಾರಾಟ ನೋಡದೆ ಹಣ ಕಟ್ಟಬೇಡಿ.

ಕೈಗೆ ಬಂದ ಮೇಲೆ ಪರೀಕ್ಷೆ

ಇದಕ್ಕೆ ಬೇಕಾಗುವುದು ಒಂದು ಆಯಸ್ಕಾಂತ, 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಒಂದು ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಮತ್ತೆ ಆ ಸವೆದ ಜೊತೆಗಾರ ನಾಣ್ಯ.

ಮೊದಲು ಆಯಸ್ಕಾಂತ ಹಿಡಿಯಿರಿ. 1967ರ 100 ಫ್ರಾಂಕ್, 1971ರ 100 ಫ್ರಾಂಕ್, 1976ರ 50 ಫ್ರಾಂಕ್ ನಿಕಲ್‌ನವು, ಆಯಸ್ಕಾಂತ ಎಳೆಯಬೇಕು. ಪಶ್ಚಿಮದ 1972ರ 50 ಫ್ರಾಂಕ್ ತಾಮ್ರ-ನಿಕಲ್ ಮಿಶ್ರಣ, ಎಳೆಯಬಾರದು. ಹಳದಿ ಬಣ್ಣದ ಗೆಜೆಲ್ ನಾಣ್ಯಗಳು ಅಲ್ಯೂಮಿನಿಯಂ-ಕಂಚು, ಅವೂ ಅಂಟುವುದಿಲ್ಲ. ಈ ಒಂದು ಪರೀಕ್ಷೆಯೇ ಎಷ್ಟೋ ಕೆಟ್ಟ ನಕಲುಗಳನ್ನು ಹೊರಗೆ ಹಾಕುತ್ತದೆ.

ಆಮೇಲೆ ತೂಕ. 100 ಫ್ರಾಂಕ್ ಸುಮಾರು 7 ಗ್ರಾಂ, ಪಶ್ಚಿಮದ 5 ಫ್ರಾಂಕ್ ಸುಮಾರು 3 ಗ್ರಾಂ. ಮಾಮೂಲಿ ಎಸ್ಸೆಯ ತೂಕ ಚಲಾವಣೆಯ ನಾಣ್ಯದಷ್ಟೇ ಇರಬೇಕು. ಎರಡು ಪಟ್ಟು ಇದ್ದರೆ ಅದು ಪಿಯೆಫೋರ್.

ಮೂರನೆಯದು ತಿರುಗಿಸಿ ನೋಡುವುದು. ನಮ್ಮ ರೂಪಾಯಿಯನ್ನು ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಚಿತ್ರ ನೆಟ್ಟಗೆ ಇರುತ್ತದೆ. ಫ್ರೆಂಚ್ ಪದ್ಧತಿ ಬೇರೆ, ಹಾಗೆ ತಿರುಗಿಸಿದರೆ ಹಿಂದಿನದು ತಲೆಕೆಳಗಾಗಿ ಕಾಣುತ್ತದೆ. ನಿಮ್ಮ ಸವೆದ ನಾಣ್ಯವನ್ನೂ ಎಸ್ಸೆಯನ್ನೂ ಒಟ್ಟಿಗೆ ತಿರುಗಿಸಿ, ಎರಡೂ ಒಂದೇ ರೀತಿ ವರ್ತಿಸಬೇಕು.

ನಾಲ್ಕನೆಯದು ಪುಟ್ಟ ಗುರುತುಗಳು, ಇದರಲ್ಲೇ ಖುಷಿ ಇರುವುದು. ಪ್ಯಾರಿಸ್ ಟಂಕಸಾಲೆಯ ಗುರುತು ಹಣ್ಣು ತುಂಬಿ ತುಳುಕುವ ಕೊಂಬು. ಅದರ ಜೊತೆ ಆ ಕಾಲದ ಮುಖ್ಯ ಕೆತ್ತನೆಗಾರನ ಸ್ವಂತ ಗುರುತು ಇರುತ್ತದೆ. ಲೂಸಿಯೆನ್ ಬಾಜೋರ್ ಕಾಲದಲ್ಲಿ ರೆಕ್ಕೆ, 1958ರಿಂದ 1974ರವರೆಗೆ ರೇಮೋಂ ಜೋಲಿಯ ಗೂಬೆ, ಆಮೇಲೆ 1994ರವರೆಗೆ ಎಮಿಲ್ ರೂಸೋನ ಡಾಲ್ಫಿನ್. ಕೆಲವು ವಿನ್ಯಾಸಗಳಲ್ಲಿ ಹಳೆ ಗುರುತು ಮುಂದುವರಿದಿರುವುದೂ ಉಂಟು, ಆದ್ದರಿಂದ ಗುರುತನ್ನು ಕ್ಯಾಟಲಾಗ್ ಚಿತ್ರದ ಜೊತೆ ಹೋಲಿಸಿಯೇ ತೀರ್ಮಾನ ಮಾಡಿ. 1972ರ ಎಸ್ಸೆಯ ಮೇಲೆ ಡಾಲ್ಫಿನ್ ಕಂಡರೆ ಮಾತ್ರ ಅನುಮಾನ ಪಡಲೇಬೇಕು, ಆ ಗುರುತು ಆಗ ಹುಟ್ಟಿಯೇ ಇರಲಿಲ್ಲ.

ಕೊನೆಗೆ ಎಸ್ಸೆ ಎಂಬ ಪದ. ಇಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. 1967ರ 100 ಫ್ರಾಂಕ್, ಫಳಫಳ ಹೊಳೆಯುತ್ತಿತ್ತು, ಫೋಟೋದಲ್ಲಿ ಅಕ್ಷರ ಸ್ಪಷ್ಟವಾಗಿತ್ತು. ಮನೆಗೆ ಬಂದ ಮೇಲೆ ಭೂತಗನ್ನಡಿ ಹಿಡಿದರೆ ಅಕ್ಷರಗಳು ಒಳಕ್ಕೆ ಇಳಿದಿದ್ದವು. ಯಾರೋ ಚಲಾವಣೆಯ ನಾಣ್ಯವನ್ನು ಪಾಲಿಶ್ ಮಾಡಿ ಮೇಲಿನಿಂದ ಅಕ್ಷರ ಗುದ್ದಿದ್ದರು. ನಿಜವಾದ ಎಸ್ಸೆಯಲ್ಲಿ ಆ ಅಕ್ಷರ ಅಚ್ಚಿನಲ್ಲೇ ಇರುತ್ತದೆ, ಉಳಿದ ಬರಹದ ಹಾಗೇ ಉಬ್ಬಿರುತ್ತದೆ. ಹಣ ವಾಪಸ್ ಬರಲಿಲ್ಲ. ಅವತ್ತಿನಿಂದ ಓರೆಯಾಗಿ ಬೆಳಕು ಬೀಳುವ ಇನ್ನೊಂದು ಫೋಟೋ ತರಿಸಿಕೊಳ್ಳದೆ ಕೊಂಡಿಲ್ಲ, ನೀವೂ ಹಾಗೇ ಮಾಡಿ.

ಎಸ್ಸೆ ಅಲ್ಲದ 'ಎಸ್ಸೆ'ಗಳು

2003ರಿಂದ ಈಚಿನ ಇಸವಿ ಹಾಕಿದ, ಆನೆ ಚಿತ್ರ ಇರುವ, '1500 ಸಿಎಫ್‌ಎ - 1 ಆಫ್ರಿಕಾ' ಅಂತ ಬರೆದ ನಾಣ್ಯಗಳು ಕಾಣಿಸುತ್ತವೆ. 4500, 6000 ಎಂಬ ಬೆಲೆಯವೂ ಇವೆ, ಬೆನಿನ್, ಬುರ್ಕಿನಾ ಫಾಸೊ, ಚಾಡ್ ಹೀಗೆ ದೇಶದ ಹೆಸರುಗಳೂ ಇರುತ್ತವೆ. ಡಕಾರ್, ಯಾವುಂಡೆಯ ಬ್ಯಾಂಕುಗಳು ಇವನ್ನು ಹೊರಡಿಸಿಲ್ಲ, ಖಾಸಗಿಯವರು ಸಂಗ್ರಾಹಕರಿಗೆ ಅಂತಲೇ ಮಾಡಿದ್ದು. ಇಷ್ಟವಾದರೆ ಇಟ್ಟುಕೊಳ್ಳಿ, ಆದರೆ ಎಸ್ಸೆಯ ಬೆಲೆ ಕೊಡಬೇಡಿ. ಗುರುತಿಸುವುದು ಸುಲಭ. ಡಕಾರ್‌ನ ಬ್ಯಾಂಕು ತನ್ನ ಚಲಾವಣೆಯ ನಾಣ್ಯದ ಮೇಲೆ ಯಾವ ದೇಶದ ಹೆಸರನ್ನೂ ಹಾಕುವುದಿಲ್ಲ, ಅಲ್ಲಿ ಬೆನಿನ್ ಅಂತ ಒಂಟಿ ಹೆಸರು ಕಂಡ ಕೂಡಲೇ ನಿಂತು ಯೋಚಿಸಿ.

ತರಿಸುವುದು, ಇಡುವುದು

ಹೊರದೇಶದಿಂದ ತರಿಸುವಾಗ ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ತರಿಸಿ, ಪಾರ್ಸಲ್ ಮೇಲೆ ನಿಜವಾದ ಬೆಲೆ ಬರೆಸಿ, ಕಸ್ಟಮ್ಸ್ ಸುಂಕ ಬೀಳಬಹುದು ಅಂತ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಎರಡು ಮೂರು ನಾಣ್ಯ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತದೆ.

ಮನೆಗೆ ಬಂದ ಮೇಲೆ ದಯವಿಟ್ಟು ತೊಳೆಯಬೇಡಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಾಕಿ ಉಜ್ಜುವ ರೂಢಿ ಇದೆ, ಗೆಜೆಲ್ ನಾಣ್ಯದ ಹಳದಿ ಬಣ್ಣ ನೋಡಿದರೆ ಯಾರಿಗಾದರೂ ಕೈ ಹೋಗುತ್ತದೆ. ಹುಣಸೆಹುಳಿ ಮೇಲ್ಮೈಯನ್ನೇ ತಿನ್ನುತ್ತದೆ, ಎಸ್ಸೆಯ ಆ ಅಚ್ಚಿನ ಹೊಳಪು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅಂಚಿನಲ್ಲಿ ಮಾತ್ರ ಹಿಡಿಯಿರಿ. ಅಲ್ಯೂಮಿನಿಯಂನ 1 ಫ್ರಾಂಕ್ ತುಂಬ ಮೆತ್ತಗೆ, ಅದರ ಮೇಲೆ ಉಗುರು ತಾಗಿಸಲೂ ಬೇಡಿ.

ಹಳೆಯ ಮೆತ್ತನೆ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬಂದಿದ್ದರೆ ನಾಣ್ಯವನ್ನು ಅದರಿಂದ ತೆಗೆಯಿರಿ. ಪಿವಿಸಿ ಇದ್ದರೆ ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ, ತಾಮ್ರ ಇರುವ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಗಟ್ಟಿ ಕ್ಯಾಪ್ಸೂಲಿಗೆ ಹಾಕಿ, ಖಾಲಿ ಪಾಕೀಟನ್ನು ಬೇರೆ ಕಡೆ ಜೋಪಾನವಾಗಿ ಇಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಇರುವವರು ಮಳೆಗಾಲದ ನಾಲ್ಕು ತಿಂಗಳು ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಾಯಿಸಬೇಕು.

ಪ್ರತಿ ಜೋಡಿಗೂ ನಾನು ಒಂದು ಚೀಟಿ ಬರೆಯುತ್ತೇನೆ. ದೇಶ ಅಥವಾ ಬ್ಯಾಂಕು, ಇಸವಿ, ಕೆಎಂ ಸಂಖ್ಯೆ, ನಾನೇ ತೂಗಿದ ತೂಕ, ಎಲ್ಲಿಂದ ಬಂತು, ಎಷ್ಟು ಕೊಟ್ಟೆ. ಸವೆದ ನಾಣ್ಯ ಯಾರಾದರೂ ಅಲ್ಲಿಂದಲೇ ತಂದುಕೊಟ್ಟದ್ದಾದರೆ ಯಾವ ಊರಿನಲ್ಲಿ, ಏನು ಕೊಂಡಾಗ ಚಿಲ್ಲರೆಯಾಗಿ ಬಂತು ಅಂತ ಕೇಳಿ ಅದನ್ನೂ ಅದೇ ಚೀಟಿಯ ಹಿಂದೆ ಬರೆದಿಡುತ್ತೇನೆ.